ಸೊಸೆಯ ಖಾನೆಗೆ ಬಿಟ್ಟ ಹುಡುಗ

ಲ್ಯಾಪ್‌ಟಾಪಿನ ಪರದೆಯ ಮೇಲೆ ನಾಲ್ಕು ಮುಖಗಳಿದ್ದ ಜಾಗದಲ್ಲಿ ಈಗ ಒಂದೇ ಮುಖ ಇತ್ತು. ಪಕ್ಕೀರಮ್ಮ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ಆಗಲೂ ಒಂದೇ. ಹಳದಿ ಅಂಗಿ ತೊಟ್ಟು ಕೈಯಲ್ಲಿ ಕೋಲು ಹಿಡಿದ ಆ ಹುಡುಗ ಅವಳ ಹುಡುಗ, ಬೆಳಿಗ್ಗೆಯಷ್ಟೇ ಆಟಕ್ಕೆ ಇಳಿಸಿದ್ದಳು. ಸೊಸೆ ಸೌಭಾಗ್ಯ ಕಾರಹುಣ್ಣಿಮೆಯಿಂದ ಬೆಳೆಸಿಕೊಂಡು ಬಂದ ನಾಲ್ವರು ಎಲ್ಲಿ ಹೋದರು?

ಲ್ಯಾಪ್‌ಟಾಪ್ ಆರಿಸಿ ಮತ್ತೆ ಹಚ್ಚಿದಳು. ಹುಡುಗ ಅಲ್ಲೇ ನಿಂತಿದ್ದ. ಮತ್ತೊಮ್ಮೆ ಆರಿಸಲು ಹೋದವಳಿಗೆ ಇದ್ದವನೂ ಹೋದರೆ ಎಂಬ ಭಯ ಹುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು. ಸೌಭಾಗ್ಯ ಹೊಸ ಮೈಕ್ ತರಲು ಹಡಗಲಿ ಪೇಟೆಗೆ ಹೋಗಿದ್ದಳು, ಮಧ್ಯಾಹ್ನದ ಬಸ್ಸಿಗೆ ಬರುವವಳಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ನಾಲ್ವರನ್ನು ಕರೆದುಕೊಂಡು ಕೊನೆಯ ಕೋಟೆಗೆ ನುಗ್ಗುತ್ತೇನೆ, ಎಲ್ಲರೂ ನೋಡಿ ಎಂದು ವಾರದಿಂದ ಡಂಗುರ ಹೊಡೆದಿದ್ದಳು.

ಅದು ಸೌಭಾಗ್ಯ ಹುಟ್ಟುವ ಮೊದಲೇ ಬಂದ ಹಳೆಯ ಆಟ. ಒಬ್ಬ ಹುಡುಗ ಊರು ಬಿಟ್ಟು ಹೊರಡುತ್ತಾನೆ, ದಾರಿಯಲ್ಲಿ ಜೊತೆಗಾರರು ಸಿಗುತ್ತಾರೆ, ಕಾಡುಮೇಡು ಸುತ್ತಿ ಮೃಗಗಳೊಡನೆ ಹೊಡೆದಾಡಿ ಬಲಿಯುತ್ತಾರೆ, ಕಡೆಗೆ ಕಪ್ಪು ಕೋಟೆಯ ದೊರೆಯ ಎದುರು ನಿಲ್ಲುತ್ತಾರೆ. ಒಂದು ದಿನದಲ್ಲಿ ಮುಗಿಯುವ ಮಾತಲ್ಲ. ಆದ್ದರಿಂದ ಆಟ ಎಲ್ಲಿಗೆ ಬಂತೋ ಅಲ್ಲಿಗೆ ಉಳಿಸಿಡಬೇಕು, ಅದಕ್ಕೆಂದೇ ಮೂರು ಖಾನೆಗಳಿರುತ್ತವೆ. ಒಂದು ಖಾನೆಗೆ ಒಂದೇ ಆಟ, ಹೊಸದನ್ನು ಇಟ್ಟರೆ ಹಳೆಯದು ಅಳಿಸಿಹೋಗುತ್ತದೆ. ಈ ಆಟ ಆಡುವುದು ಹೇಗೆಂದು ಹೊಸಬರಿಗೆ ಕನ್ನಡದಲ್ಲಿ ಹೇಳಿಕೊಡುವ ವಿಡಿಯೋಗಳನ್ನು ಸೌಭಾಗ್ಯ ಮಾಡುತ್ತಿದ್ದಳು. ನೋಡುವವರು ಲಕ್ಷಗಟ್ಟಲೆ ಏನೂ ಇರಲಿಲ್ಲ, ಒಂದು ಮದುವೆಯ ಪಂಕ್ತಿಯಷ್ಟು ಜನ. ಆದರೆ ಅವರು ತಪ್ಪದೆ ಬರುತ್ತಿದ್ದರು, "ಅಕ್ಕಾ, ಸೇತುವೆ ಹತ್ರ ಸಾಯ್ತಿದೀನಿ, ಏನ್ ಮಾಡ್ಲಿ" ಎಂದು ಕೇಳುತ್ತಿದ್ದರು. ಹರಪನಹಳ್ಳಿಯಿಂದ ಹಿರೇಹಡಗಲಿಯ ಕುರಿಯವರ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳನ್ನು ಯಾರಾದರೂ ಏನಾದರೂ ಕೇಳಿದ್ದು ಅಲ್ಲಿ ಮಾತ್ರ.

ಪಕ್ಕೀರಮ್ಮನ ಬಾಯಿಯ ವಿಷಯ ಹೇಳದಿರುವುದೇ ವಾಸಿ, ಆದರೆ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಮೊದಮೊದಲು ಅವಳಿಗೆ ಆ ಲ್ಯಾಪ್‌ಟಾಪ್ ಕಂಡರೆ ಮೈ ಉರಿಯುತ್ತಿತ್ತು. ಸೊಸೆಯಾದವಳು ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ಮಾತಾಡುವುದೆಂದರೇನು? ಒಂದು ದಿನ ಕಟ್ಟೆಯ ಮೇಲೆ ನಿಂತು, ಪಕ್ಕದ ಮನೆಯ ಬೊಮ್ಮಮ್ಮನಿಗೂ ಓಣಿಗೂ ಕೇಳುವಂತೆ, "ಆ ಡಬ್ಬಿನ ಒಂದಿನ ತಿಪ್ಪಿಗೆ ಒಗೀತೀನಿ ನೋಡು" ಎಂದಿದ್ದಳು. ಬೊಮ್ಮಮ್ಮ ಅದನ್ನು ಊರಿಗೆಲ್ಲ ಹಂಚಿ ಪುಣ್ಯ ಕಟ್ಟಿಕೊಂಡಳು. ಅತ್ತೆ ಸೊಸೆ ಕೆಲವು ವಾರ ಮಾತು ಬಿಟ್ಟಿದ್ದೂ ಉಂಟು.

ಆಮೇಲೆ ಮಂಡಿನೋವು ಬಂತು. ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದ ಹೆಂಗಸು ಮನೆಯಲ್ಲಿ ಕೂತಳು. ಗಂಡ ಕರಿಸಿದ್ದಪ್ಪ ಹಿಂಡಿನ ಜೊತೆ ಹೊಲದಲ್ಲಿ, ಮಗ ಬೀರಲಿಂಗೇಶ್ ಬೋರ್‌ವೆಲ್ ಲಾರಿಯ ಮೇಲೆ ಊರೂರು. ಮಾತಿಗೆ ಒಂದು ನರಪಿಳ್ಳೆ ಇಲ್ಲದೆ ಸೊಸೆಯ ಕೋಣೆಯ ಹೊಸ್ತಿಲ ಮೇಲೆ ಕೂತು ಬಗ್ಗಿ ನೋಡಿದಳು. ನಾಲ್ವರು ಸಾಲಾಗಿ ಹುಲ್ಲಿನಲ್ಲಿ ನಡೆಯುತ್ತಿದ್ದರು.

"ಇವರ ಹಿಂದ ಯಾರೂ ಇಲ್ಲಲ್ಲ," ಎಂದಳು, ತಡೆಯಲಾಗದೆ. "ಕೊನಿಯವನ್ನ ತೋಳ ಒಯ್ದರ ಯಾರಿಗೆ ಗೊತ್ತಾಗತೈತಿ?"

ಸೌಭಾಗ್ಯ ತಿರುಗಿ ನೋಡಿ ನಕ್ಕುಬಿಟ್ಟಳು. ಆವತ್ತಿನಿಂದ ಹೊಸ್ತಿಲ ಮೇಲೆ ಒಂದು ಗೋಣಿಚೀಲ ಹಾಸಿಯೇ ಇರುತ್ತಿತ್ತು. ಸೊಸೆ ವಿಡಿಯೋ ಮಾಡುವಾಗ ಪಕ್ಕೀರಮ್ಮ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. "ಊರು ಬಿಡೋಕೆ ಮುಂಚೆ ಎಲ್ಲಾರ ಹತ್ರಾನೂ ಮಾತಾಡ್ರಿ, ಒಂದ್ಸಲ ಅಲ್ಲ, ಎರಡು ಸಲ. ಎರಡ್ನೇ ಸಲಕ್ಕೇ ಅವರು ಖರೆ ಹೇಳೋದು." "ಕತ್ತಿ ಕೊಂಡ್ರೆ ಸಾಲದು, ಕೈಗೆ ಕೊಡಬೇಕು. ಚೀಲದಾಗಿದ್ರೆ ಅದು ಬರೀ ಕಬ್ಬಿಣ." "ಔಷಧಿ ಕೂಡಿಡಬ್ಯಾಡ್ರಿ, ಸಾಯೋ ಹೊತ್ನಾಗೆ ಕುಡೀರಿ. ಓಡಿಹೋಗೋದು ಅವಮಾನ ಅಲ್ಲ." ಇದೆಲ್ಲ ಪಕ್ಕೀರಮ್ಮನಿಗೆ ಬಾಯಿಪಾಠ. ಅಕ್ಷರ ಇಂಗ್ಲಿಷಿನಲ್ಲಿದ್ದರೇನಾಯಿತು, ಯಾವ ಸಾಲಿನಲ್ಲಿ ಏನಿದೆ ಎಂದು ಜಾಗದ ಮೇಲೇ ಗುರುತು ಹಿಡಿದುಕೊಂಡಿದ್ದಳು.

ಈ ಭಾನುವಾರ ಬೆಳಿಗ್ಗೆ ಮನೆ ಖಾಲಿ ಸಿಕ್ಕಿತು. ತಾನೂ ಆಡಿ, ಸಂಜೆ ಸೊಸೆಗೆ ತೋರಿಸಿ ಬೆರಗಾಗಿಸಬೇಕೆಂಬ ಆಸೆ. ಹುಡುಗನನ್ನು ಊರೆಲ್ಲ ಸುತ್ತಿಸಿದಳು, ಎಲ್ಲರನ್ನೂ ಎರಡೆರಡು ಸಲ ಮಾತಾಡಿಸಿದಳು, ಕೋಲು ಕೊಂಡು ಕೈಗೆ ಕೊಟ್ಟಳು. ಹುಲ್ಲಿನಲ್ಲಿ ಒಂದು ಹೆಗ್ಗಣ ಕಚ್ಚಿ ಅವನು ಸಾಯುವಂತಾದಾಗ ಓಡಿಸಿಕೊಂಡೂ ಬಂದಳು. ಇನ್ನು ಸಾಕು, ಇವನನ್ನು ಉಳಿಸಿಡಬೇಕು. ಖಾನೆಗಳು ತೆರೆದವು. ಮೇಲಿನದರಲ್ಲಿ ಸೌಭಾಗ್ಯಳ ನಾಲ್ವರು, ಕೆಳಗಿನ ಎರಡೂ ಖಾಲಿ.

ಕುರಿ ಕಾಯುವವರಲ್ಲಿ ಒಂದು ಪದ್ಧತಿಯಿದೆ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸುವಾಗ ಮೂರು ನಾಲ್ಕು ಮನೆಯ ಕುರಿಗಳನ್ನು ಬೇಲಿಯಂತೆ ಸುತ್ತ ಕಟ್ಟಿದ ಒಂದೇ ಬಲೆಯೊಳಗೆ ಬಿಡುತ್ತಾರೆ. ಕಿವಿಯ ಮೇಲೆ ಅವರವರ ಗುರುತಿರುತ್ತದೆ, ಬೆಳಿಗ್ಗೆ ಬೇರೆ ಮಾಡಿಕೊಂಡರಾಯಿತು. ಒಂಟಿ ಮರಿಯನ್ನು ಖಾಲಿ ಬಲೆಯಲ್ಲಿ ಬಿಡುವುದು ಬುದ್ಧಿಯಿಲ್ಲದವರ ಕೆಲಸ, ತೋಳಕ್ಕೆ ಹೇಳಿ ಕಳಿಸಿದಂತೆ. ಪಕ್ಕೀರಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ. ಹೆಗ್ಗಣಕ್ಕೆ ಹೆದರಿ ಬಂದ ತನ್ನ ಹುಡುಗನನ್ನು ಮೇಲಿನ ಖಾನೆಗೆ, ಆ ಗಟ್ಟಿ ನಾಲ್ವರ ಮಗ್ಗುಲಿಗೆ ಬಿಟ್ಟಳು. ಆಟ ಏನೋ ಒಂದು ಪ್ರಶ್ನೆ ಕೇಳಿತು. ಅದು ಯಾವಾಗಲೂ ಏನಾದರೂ ಕೇಳುತ್ತಲೇ ಇರುತ್ತದೆ. ಮೇಲಿನ ಉತ್ತರ ಒತ್ತಿದಳು.

ಮಧ್ಯಾಹ್ನ ಕರಿಸಿದ್ದಪ್ಪ ಊಟಕ್ಕೆ ಬಂದಾಗ ಒಲೆ ಹೊತ್ತಿರಲಿಲ್ಲ. ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಅರ್ಧ ಗೊತ್ತಾಗಿ ಅರ್ಧ ಗೊತ್ತಾಗದೆ ಅವನು ಎಲ್ಲವನ್ನೂ ಕೇಳಿಸಿಕೊಂಡ. ನಿನ್ನಿನ ಎರಡು ರೊಟ್ಟಿ ತಾನೇ ತೆಗೆದುಕೊಂಡು ಚಟ್ನಿಪುಡಿ ಹಚ್ಚಿದ.

"ಕರೆಂಟ್ ಹೋತು ಅಂತ ಹೇಳು. ದಿನಾ ಹೋಗತೈತಿ, ಇವತ್ತೂ ಹೋತು. ಯಾರು ಕೇಳ್ತಾರ?"

"ಸುಳ್ಳು ಹೇಳ್ಲೇನು?"

"ಖರೆ ಹೇಳಿದ್ರ ಯಾರು ನಂಬ್ತಾರ, ಅದನ್ನ ಮೊದ್ಲ ಹೇಳು. ತಿಪ್ಪಿಗೆ ಒಗೀತೀನಿ ಅಂತ ಓಣ್ಯಾಗ ಒದರಿದಾಕಿ ನೀನಾ."

ಬೆಳಗಿನಿಂದ ಪಕ್ಕೀರಮ್ಮನನ್ನು ಕಾಡುತ್ತಿದ್ದುದು ಇದೇ. ಆಟ ಹೋದದ್ದು ಒಂದು ಸಂಕಟವಾದರೆ, ಬೇಕಂತಲೇ ಅಳಿಸಿದಳು ಎನ್ನಿಸಿಕೊಳ್ಳುವುದು ಅದಕ್ಕಿಂತ ದೊಡ್ಡದು. ನಾಲ್ಕು ತಿಂಗಳಿನಿಂದ ಆ ಹುಡುಗಿ ತನ್ನ ಜೊತೆ ನಗುತ್ತಿದ್ದಾಳೆ. ನಾಳೆಯಿಂದ ಬಾಗಿಲು ಮತ್ತೆ ಮುಚ್ಚುತ್ತದೆ, ಈ ಸಲ ಒಳಗಿನಿಂದ ಚಿಲಕ ಬೀಳುತ್ತದೆ. ಕರೆಂಟಿನ ಮೇಲೆ ಹಾಕಿದರೆ ಎಲ್ಲ ಬಚಾವು. ಗಂಡ ಎದ್ದು ಹೋದ ಮೇಲೆ ಆ ಮಾತನ್ನು ಬಾಯಲ್ಲಿ ಆಡಿಸಿ ನೋಡಿದಳು, "ಕರೆಂಟ್ ಹೋತವಾ, ಏನಾತೋ ಏನೋ." ಸರಾಗವಾಗಿ ಬಂತು. ಅಷ್ಟು ಸರಾಗವಾಗಿ ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಬಸ್ಸಿನ ಹಾರನ್ ಕೇಳಿತು. ಸೌಭಾಗ್ಯ ಬಿಸಿಲಿಗೆ ಮುಖ ಕೆಂಪು ಮಾಡಿಕೊಂಡು ಒಳಗೆ ಬಂದಳು. ಒಂದು ಕೈಯಲ್ಲಿ ಮೈಕಿನ ಪೆಟ್ಟಿಗೆ, ಇನ್ನೊಂದರಲ್ಲಿ ಮಂಡಾಳು, ಮೆಣಸಿನಕಾಯಿ ಬಜ್ಜಿಯ ಪೊಟ್ಟಣ.

"ಅತ್ತಿ, ಬರ್ರಿ, ಬಿಸಿ ಐತಿ ತಿನ್ರಿ. ಸಂಜಿಗೆ ನೀವೂ ಕೂತ್ಕೋಬೇಕು. ಇವತ್ತು ಕೋಟೆ ಮುರಿಯೋದೇ."

"ಸೌಭಾಗ್ಯ, ನಿಲ್ಲು." ಪಕ್ಕೀರಮ್ಮ ಗೋಡೆ ಬಿಟ್ಟು ಎದ್ದಳು. ಕರೆಂಟು ನಾಲಿಗೆಯ ತುದಿಯಲ್ಲೇ ನಿಂತಿತ್ತು. "ನಿನ್ನ ಆಟ ಹೋತು. ನಾ ಆಡಿದೆ. ನನ್ನ ಹುಡುಗನ್ನ ನಿನ್ನ ಖಾನ್ಯಾಗ ಬಿಟ್ಟೆ, ನಿನ್ನ ನಾಕೂ ಮಂದಿ ಕಾಣವೊಲ್ಲರು."

ಸೌಭಾಗ್ಯ ಪೊಟ್ಟಣವನ್ನು ನೆಲಕ್ಕಿಟ್ಟು ಕೋಣೆಗೆ ಓಡಿದಳು. ಆಟ ತೆರೆದ ಸಪ್ಪಳ ಕೇಳಿತು. ಪಕ್ಕೀರಮ್ಮ ಹೊಸ್ತಿಲವರೆಗೆ ಹೋಗಿ ನಿಂತಳು, ಗೋಣಿಚೀಲದ ಮೇಲೆ ಕೂರುವ ಧೈರ್ಯವಾಗಲಿಲ್ಲ. ಸೊಸೆಯ ಬೆನ್ನು ಮಾತ್ರ ಕಾಣುತ್ತಿತ್ತು.

"ಕೆಳಗೆ ಎರಡು ಖಾಲಿ ಇದ್ವಲ್ರಿ, ಅತ್ತಿ," ಎಂದಳು ಸೌಭಾಗ್ಯ. "ಅಲ್ಲಿ ಯಾಕ ಇಡಲಿಲ್ಲ?"

"ನಂದು ಒಂದೇ ಮರಿ. ಹೆಗ್ಗಣ ಕಚ್ಚಿದ್ರ ಸಾಯಾಂಗ ಆಗಿದ್ದ. ನಿನ್ನವರು ಗಟ್ಟಿ ಅದಾರ, ಅವರ ಮಗ್ಗಲಾಗ ಇರಲಿ ಅಂತ ಬಿಟ್ಟೆ. ಬೆಳಿಗ್ಗೆ ಬ್ಯಾರೆ ಮಾಡ್ಕೊಂಡ್ರಾತು ಅಂದ್ಕೊಂಡಿದ್ದೆ. ನಾವು ಕುರಿ ಹಂಗಾ ಬಿಡೋದು."

ಸೌಭಾಗ್ಯ ಮತ್ತೆ ಪರದೆಯತ್ತ ಬಗ್ಗಿದಳು. ಬೈದಿದ್ದರೆ ಪಕ್ಕೀರಮ್ಮನಿಗೆ ಹಗುರಾಗುತ್ತಿತ್ತು, ಬೈಗುಳಕ್ಕೆ ಅವಳಲ್ಲಿ ಉತ್ತರಗಳಿದ್ದವು. ನಂಬಿದಳೋ ಇಲ್ಲವೋ? ಕೇಳಬೇಕೆನ್ನಿಸಿತು, ಕೇಳುವ ಮುಖವಿರಲಿಲ್ಲ. ಸೊಸೆ ಯಾವ ಯಾವುದೋ ಬಟನ್ ಒತ್ತಿ ಎಲ್ಲೆಲ್ಲೋ ಹುಡುಕುತ್ತಿದ್ದಳು. ಮೆಣಸಿನಕಾಯಿ ಪೊಟ್ಟಣದಲ್ಲೇ ತಣ್ಣಗಾಯಿತು. ಬಿಸಿಲು ಇಳಿಯಿತು.

ಅಷ್ಟರಲ್ಲಿ ಸೌಭಾಗ್ಯಳ ಫೋನ್ ಬಡಿದುಕೊಂಡಿತು. ಕೈ ಬಿಡುವಿರಲಿಲ್ಲವೆಂದು ಸ್ಪೀಕರಿಗೆ ಹಾಕಿದಳು. ಬೀರಲಿಂಗೇಶ್.

"ಶುರು ಆತೇನು? ಇಲ್ಲೆ ಲಾರಿಯವರೆಲ್ಲ ಕುಂತಾರ ನೋಡಾಕ."

"ಇಲ್ಲರೀ. ಆಟ ಅಳಿಸಿ ಹೋಗೇತಿ."

"ಹೆಂಗ?" ಅವನೇ ಮುಂದುವರಿದು ಅಂದ, "ಅವ್ವ ಮುಟ್ಟಿದ್ಲೇನು?"

"ಹ್ಞೂಂ. ಆಡಿದ್ರಂತೆ."

"ಆಡಿದ್ಲಂತ. ನಮ್ಮವ್ವ ಆಟ ಆಡ್ತಾಳ? ಆಕಿ ಬೇಕಂತನ ಅಳಿಸ್ಯಾಳ, ತಗಿ. ಕೋಣಿಗೆ ಕೀಲಿ ಹಾಕು ಅಂತ ನಾ ಮೊದ್ಲಿಂದ ಹೇಳಿದ್ದೆ."

ಪಕ್ಕೀರಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಕೀಲಿಯ ಮಾತು ಅವಳಿಗೆ ಗೊತ್ತಿರಲಿಲ್ಲ. ಓಣಿ ಏನಂದೀತು, ಬೊಮ್ಮಮ್ಮ ಏನಂದಾಳು ಎಂದು ಬೆಳಗಿನಿಂದ ಎಲ್ಲರ ಬಾಯಿಗೂ ಹೆದರಿದ್ದಳು. ಹೆತ್ತ ಮಗನ ಬಾಯಿಯೊಂದು ಆ ಲೆಕ್ಕದಲ್ಲಿ ಇರಲಿಲ್ಲ.

"ಬೇಕಂತ ಮಾಡಿಲ್ಲ," ಎಂದಳು ಸೌಭಾಗ್ಯ.

"ನಿನಗೆಂಗ ಗೊತ್ತು?"

"ಅತ್ತಿ ನನಗೆ ಹೇಳಿದ್ರು."

"ಹೇಳಿದ್ರ ನಂಬಿಬಿಡ್ತೀಯೇನು?"

"ನಂಬ್ತೀನಿ. ಕರೆಂಟ್ ಹೋತು ಅಂದಿದ್ರೂ ನಡೀತಿತ್ತು, ಅವರು ಅನ್ನಲಿಲ್ಲ. ನೀವು ಇನ್ನೊಮ್ಮೆ ಕೀಲಿ ಮಾತು ಎತ್ತಬ್ಯಾಡ್ರಿ."

ಫೋನ್ ಇಟ್ಟಳು. ತಿರುಗಿ ನೋಡಲಿಲ್ಲ. ಪಕ್ಕೀರಮ್ಮನ ಕಣ್ಣಲ್ಲಿ ಬೆಳಗಿನಿಂದ ಬಾರದ ನೀರು ಆಗ ದಳದಳ ಇಳಿಯಿತು. ಯಾರ ಮಾತಿಗೆ ಎಂದು ಕೇಳಿದರೆ ಅವಳೂ ಹೇಳಲಾರಳು, ಮಗನದ್ದಕ್ಕೋ ಸೊಸೆಯದ್ದಕ್ಕೋ.

"ನನಗೆ ಸಿಟ್ಟು ಬಂದೈತಿ, ಅತ್ತಿ. ಭಾಳ ಬಂದೈತಿ," ಎಂದಳು ಸೌಭಾಗ್ಯ, ಗೋಡೆಗೆ ಹೇಳುವಂತೆ. "ಇವತ್ತು ನನ್ನ ಮಾತಾಡಿಸಬ್ಯಾಡ್ರಿ."

"ಆತು," ಎಂದಳು ಪಕ್ಕೀರಮ್ಮ, ಗೋಣಿಚೀಲ ಸರಿಸಿ ಬರಿ ಹೊಸ್ತಿಲ ಮೇಲೆ ಕೂತು.

ಹೇಳಿದ ಹೊತ್ತಾಗಿತ್ತು. ಜನ ಒಬ್ಬೊಬ್ಬರಾಗಿ ಬಂದು ಸೇರುತ್ತಿದ್ದರು, ಅವರ ಹೆಸರುಗಳು ಪರದೆಯ ಬದಿಯಲ್ಲಿ ಹರಿಯತೊಡಗಿದವು. ಸೌಭಾಗ್ಯ ಮುಖ ಒರೆಸಿಕೊಂಡು ಹೊಸ ಮೈಕನ್ನು ಹತ್ತಿರ ಎಳೆದುಕೊಂಡಳು.

"ಎಲ್ಲಾರಿಗೂ ನಮಸ್ಕಾರ. ಇವತ್ತು ಕೋಟೆ ಇಲ್ಲ. ನನ್ನ ಆಟ ಅಳಿಸಿ ಹೋಗೈತೆ. ತಪ್ಪು ನಂದೇ. ಒಂದೇ ಖಾನೇಲಿ ಇಡಬ್ಯಾಡ್ರಿ, ಎರಡು ಮೂರರಾಗೆ ಇಡ್ರಿ ಅಂತ ಮೊದಲ್ನೇ ವಿಡಿಯೋದಾಗೇ ನಿಮಗೆ ಹೇಳಿದ್ದೆ. ನಾನೇ ಒಂದರಾಗೆ ಇಟ್ಟಿದ್ದೆ, ಸೋಮಾರಿತನ." ಬದಿಯಲ್ಲಿ ಸಾಲುಗಳು ಸರಸರನೆ ಓಡಿದವು. ಹೇಗಾಯಿತು ಅಕ್ಕಾ, ಯಾರು ಅಳಿಸಿದರು ಎಂದು ಒಬ್ಬರಲ್ಲ ಒಬ್ಬರು ಕೇಳುತ್ತಿದ್ದರು. ಸೌಭಾಗ್ಯ ಓದಿಕೊಂಡಳು, ಉತ್ತರ ಕೊಡಲಿಲ್ಲ. ಅತ್ತೆಯ ಹೆಸರು ಅವಳ ಬಾಯಿಂದ ಹೊರಡಲಿಲ್ಲ.

ಹೊಸ್ತಿಲ ಮೇಲಿದ್ದ ಪಕ್ಕೀರಮ್ಮನಿಗೆ ಆ ಸಾಲುಗಳು ಓದಲು ಬರುವುದಿಲ್ಲ. ಆದರೆ ಸೊಸೆ ಯಾವ ಮಾತನ್ನು ನುಂಗಿಕೊಂಡಳೆಂದು ಗೊತ್ತಾಗದಷ್ಟು ದಡ್ಡಿಯಲ್ಲ. ಮಂಡಿಯ ಮೇಲೆ ಕೈಯೂರಿ ಎದ್ದಳು. ಕೋಣೆಯೊಳಗೆ ಬಂದು, ಕ್ಯಾಮೆರಾ ಎಲ್ಲಿದೆಯೆಂದು ತಿಳಿಯದೆ, ಮೈಕಿನ ಎದುರಿಗೇ ಬಗ್ಗಿ ನಿಂತಳು.

"ಅಳಿಸಿದಾಕಿ ನಾನ್ರೀ. ಈಕಿ ಅತ್ತಿ, ಪಕ್ಕೀರಮ್ಮ."

ಸೌಭಾಗ್ಯ ಕೂತಲ್ಲೇ ಸ್ವಲ್ಪ ಸರಿದು ಚಾಪೆಯ ಮೇಲೆ ಅವಳಿಗೆ ಜಾಗ ಮಾಡಿಕೊಟ್ಟಳು.