ಒತ್ತದೆ ಉಳಿದ ಕೆಲವು ಗ್ರಾಂ

ಬಳ್ಳಾರಿಯ ಖಾಸಗಿ ಆಸ್ಪತ್ರೆಯೊಂದಕ್ಕೆ ಹೃದಯ ಬಡಿತದ ತೊಂದರೆ ನೋಡುವ ವೈದ್ಯನಾಗಿ ನಾನು ಸೇರಿ ಆಗ ಎರಡನೇ ವರ್ಷ, ವಯಸ್ಸು ನಲವತ್ತಾರು. ಆಂಬುಲೆನ್ಸ್ ಸದ್ದು ಕೇಳಿದರೆ ಸಾಕು, ಒಳಗಿರುವುದು ನನ್ನ ರೋಗಿಯೇ ಎಂದು ಬೆವರುವ ಜಾತಿ ನಾನು. ಇಂಥವನ ಕೈಗೆ ಜನ ನಂಬಿ ಹೃದಯ ಕೊಡುತ್ತಿದ್ದರು.

ಕುರುಗೋಡಿನ ರಜಿಯಾ ಬಂದದ್ದು ಆ ವರ್ಷ. ಇಪ್ಪತ್ತೊಂಬತ್ತು ವಯಸ್ಸು, ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಟೇಲರ್. ಹುಟ್ಟಿನಿಂದಲೇ ಆಕೆಯ ಹೃದಯದ ಬಲಗೋಡೆಯಲ್ಲಿ ವಿದ್ಯುತ್ ಹರಿಯುವ ಒಂದು ಹೆಚ್ಚುವರಿ ಎಳೆ ಇತ್ತು. ಕರೆಂಟು ಆ ಕಳ್ಳದಾರಿ ಹಿಡಿದು ಸುತ್ತಿದರೆ ಬಡಿತ ನಿಮಿಷಕ್ಕೆ ಇನ್ನೂರು ದಾಟುತ್ತಿತ್ತು. ಮಾತ್ರೆಯಿಂದ ಹತೋಟಿಯಲ್ಲಿತ್ತು, ಆದರೆ ಬಸಿರಿನಲ್ಲಿ ಆ ಮಾತ್ರೆ ಬೇಡ ಎಂದಿದ್ದೆ. ಮದುವೆಯಾಗಿ ಏಳು ವರ್ಷವಾಗಿತ್ತು.

“ಮಾತ್ರಿ ಬಿಟ್ಟು ತಾಯಿ ಆಗಾಕ ಏನರ ದಾರಿ ಐತೇನ್ರಿ?” ಎಂದು ಕೇಳಿದಳು.

ಇತ್ತು. ತೊಡೆಯ ರಕ್ತನಾಳದಿಂದ ಕ್ಯಾಥೆಟರ್ ಎಂಬ ತೆಳುವಾದ ನಳಿಗೆಯನ್ನು ಹೃದಯಕ್ಕೆ ಸಾಗಿಸಿ, ರೇಡಿಯೋ ಫ್ರೀಕ್ವೆನ್ಸಿ ಶಾಖದಿಂದ ಆ ಎಳೆಯನ್ನು ಸುಡುವುದು. ಇದನ್ನು ಅಬ್ಲೇಶನ್ ಎನ್ನುತ್ತೇವೆ. ಇದರಲ್ಲಿ ಎಲ್ಲವೂ ನಿಂತಿರುವುದು ನಳಿಗೆಯ ತುದಿ ಗೋಡೆಯನ್ನು ಎಷ್ಟು ಒತ್ತಿದೆ ಎಂಬುದರ ಮೇಲೆ. ಸುಮಾರು ಹತ್ತು ಗ್ರಾಂಗಿಂತ ಕಡಿಮೆಯಾದರೆ ಶಾಖವನ್ನು ಹರಿಯುವ ರಕ್ತವೇ ಒಯ್ಯುತ್ತದೆ, ಮಾಂಸಕ್ಕೆ ಬರೀ ಬಾವು ಬರುತ್ತದೆ. ಬಾವು ಇರುವ ತನಕ ಕರೆಂಟು ನಿಂತಂತೆ ಕಾಣುತ್ತದೆ, ಇಳಿದ ಮೇಲೆ ಮತ್ತೆ ಹರಿಯುತ್ತದೆ. ಹೆಚ್ಚು ಒತ್ತಿದರೆ ಗೋಡೆಯೇ ತೂತಾಗಬಹುದು. ಬಲಗೋಡೆಯಲ್ಲಂತೂ ತುದಿ ಉಸಿರಿಗೊಮ್ಮೆ ಜಾರುತ್ತದೆ. ಒತ್ತಡವನ್ನು ಗ್ರಾಂನಲ್ಲಿ ತೋರಿಸುವ ಕ್ಯಾಥೆಟರ್ ಆಗ ನಮ್ಮಲ್ಲಿರಲಿಲ್ಲ. ಕೈಯ ಅಂದಾಜು, ಜೊತೆಗೆ ಇಂಪೀಡೆನ್ಸ್ ಎಂಬ ವಿದ್ಯುತ್ ತಡೆಯ ಅಂಕಿ, ಇವೆರಡೇ ಆಧಾರ. ಸುಡುವಾಗ ಈ ಅಂಕಿ ಹತ್ತು ಓಮ್‌ನಷ್ಟಾದರೂ ಇಳಿದರೆ ತುದಿ ಚೆನ್ನಾಗಿ ಕೂತಿದೆ ಎಂದರ್ಥ.

ಎರಡು ತಿಂಗಳ ಹಿಂದಷ್ಟೇ ಇನ್ನೊಬ್ಬ ರೋಗಿಗೆ ನನ್ನ ಕೈಯ ಒತ್ತಡ ಹೆಚ್ಚಾಗಿ, ಗೋಡೆ ತೂತಾಗಿ ಹೃದಯದ ಸುತ್ತ ರಕ್ತ ತುಂಬಿತ್ತು. ಅವರೇನೋ ಗುಣವಾಗಿ ತಮ್ಮೂರು ತೆಕ್ಕಲಕೋಟೆಗೆ ಹೋದರು. ನಾನು ಮಾತ್ರ ಆ ಆಪರೇಷನ್ ಮೇಜಿನ ಬಳಿಯೇ ಉಳಿದಿದ್ದೆ.

ರಜಿಯಾಳಿಗೆ ಸುಡಲು ಶುರುಮಾಡಿದ ಎಂಟನೇ ಸೆಕೆಂಡಿಗೆ ಇಸಿಜಿಯಿಂದ ಕಳ್ಳದಾರಿಯ ಗುರುತು ಮಾಯವಾಯಿತು. ಟೆಕ್ನಿಶಿಯನ್ ವೀರೇಶನಿಗೆ ಸಮಾಧಾನವಿರಲಿಲ್ಲ.

“ನಾಕ ಓಮ್ ಇಳದೈತ್ರಿ ಸರ್. ಇನ್ನೊಂಚೂರು ಒತ್ರಿ. ರೊಟ್ಟಿಗಿ ಬೆಣ್ಣಿ ಸವರಿದಂಗ ಮಾಡಾಕತ್ತೀರಿ.”

“ಗುರುತು ಹೋಯ್ತಲ್ಲಪ.”

“ಹೋಗೈತ್ರಿ. ಅರ್ಧ ತಾಸು ಕುಂತು ನೋಡೋಣ್ರಿ. ವಾಪಸ್ ಬಂತಂದ್ರ?”

ಬಂದರೆ ಮತ್ತೆ ಒತ್ತಬೇಕಲ್ಲ! ಆ ಹೆದರಿಕೆಗೆ ಹತ್ತೇ ನಿಮಿಷ ಕಾದು ನಳಿಗೆ ಹೊರತೆಗೆದೆ. ಹೊರಗೆ ಕಾಯುತ್ತಿದ್ದ ಆಕೆಯ ಗಂಡ ಖಾಸಿಮನಿಗೆ, “ಮುಗೀತು, ಇನ್ನ ಚಿಂತಿ ಇಲ್ಲ” ಎಂದೆ. ಒಂದು ವಾರದ ನಂತರದ ಇಸಿಜಿಯೂ ಚೆನ್ನಾಗಿತ್ತು. ಮಾತ್ರೆ ನಿಲ್ಲಿಸಿದೆ. ಮುಗೀತು ಎಂದ ಮೇಲೆ ಅವರು ಮತ್ತೆ ಬರಲು ಕಾರಣವೇ ಇರಲಿಲ್ಲ.

ಬಂದದ್ದು ಆಕೆ ಏಳು ತಿಂಗಳ ಬಸುರಿಯಾಗಿದ್ದಾಗ, ಒಂದು ಮಧ್ಯಾಹ್ನ. ಬಡಿತ ಇನ್ನೂರ ಇಪ್ಪತ್ತು, ರಕ್ತದೊತ್ತಡ ಕುಸಿದಿತ್ತು. ಕುರುಗೋಡಿನ ಮನೆಯಲ್ಲಿ ಎರಡು ತಾಸು ಹಾಗೇ ಮಲಗಿದ್ದಳಂತೆ.

“ಆಪರೇಷನ್ ಆಗೇತಲ್ಲ, ಇದು ಬಸುರಿನ ದಣಿವು ಅನ್ಕೊಂಡ್ವಿ ಸರ್,” ಎಂದ ಖಾಸಿಂ. ತಪ್ಪು ತನ್ನದೆಂಬಂತೆ ಕೈ ಮುಗಿದಿದ್ದ.

ಶಾಕ್ ಕೊಟ್ಟು ಬಡಿತವನ್ನು ಹಳಿಗೆ ತಂದೆವು. ರಜಿಯಾ ಉಳಿದಳು. ಹೊಟ್ಟೆಯಲ್ಲಿದ್ದ ಹೆಣ್ಣುಮಗು ಉಳಿಯಲಿಲ್ಲ.

ನಾಲ್ಕು ದಿನ ನಾನು ಆಕೆಯ ವಾರ್ಡಿಗೆ ಹೋದಾಗಲೆಲ್ಲ ಚಾರ್ಟು ಓದಿ ಬಂದೆ. ಐದನೇ ದಿನ ಕುರ್ಚಿ ಎಳೆದುಕೊಂಡು ಕೂತೆ.

“ಅವತ್ತ ನಾ ಒತ್ತಬೇಕಾದಷ್ಟು ಒತ್ತಲಿಲ್ಲಮ್ಮಾ. ಹೆದರಿದ್ದೆ. ಅದಕ್ಕ ವಾಪಸ್ ಬಂತು.”

ಆಕೆ ಹೊದಿಕೆಯ ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು.

“ನಮ್ ಮಿಷನ್ದಾಗೂ ಹಂಗ ರೀ. ಬಟ್ಟಿ ಒತ್ತಿ ಹಿಡಿಯೋ ಪಾದ ಹಗುರಾದ್ರ ಹೊಲಿಗಿ ನೋಡಾಕ ಚಂದ ಇರ್ತೈತಿ, ಆಮ್ಯಾಲ ಬಿಡ್ತೈತಿ. ಅದಕ್ಕ ಪೀಸ್ ಕೊಡೂ ಮುಂದ ಜಗ್ಗಿ ನೋಡ್ತೀವಿ. ನಿಮ್ಮೊಳಗ ಜಗ್ಗಿ ನೋಡೋದು ಇಲ್ಲೇನ್ರಿ?”

“ಐತಮ್ಮಾ. ನಾ ನೋಡಲಿಲ್ಲ.”

ಆಕೆ ಗೋಡೆಯ ಕಡೆ ಹೊರಳಿ ಮಲಗಿದಳು. ಬೈದಿದ್ದರೆ ಒಳ್ಳೆಯದಿತ್ತು.

ಮೂರು ತಿಂಗಳ ನಂತರ, ಒತ್ತಡ ತೋರಿಸುವ ಕ್ಯಾಥೆಟರ್ ತರಿಸಿ ಮತ್ತೆ ಮಾಡಿದೆ. ನನ್ನ ಕೈಯಲ್ಲೇ ಮಾಡಿಸಿಕೊಳ್ಳಲು ಆಕೆ ಯಾಕೆ ಒಪ್ಪಿದಳೋ, ಕೇಳುವ ಧೈರ್ಯವಾಗಲಿಲ್ಲ. ತೆರೆಯ ಮೇಲೆ ಹದಿನಾಲ್ಕು ಗ್ರಾಂ. ಹನ್ನೆರಡು ಓಮ್ ಇಳಿಯಿತು. ಅರ್ಧ ತಾಸು ಕಾದೆವು. ಕಳ್ಳದಾರಿಯ ಗುರುತು ಮರಳಲಿಲ್ಲ.

ಹೆದರಿಕೆ ನನ್ನನ್ನು ಬಿಟ್ಟಿಲ್ಲ, ಬಿಡುವಂತೆಯೂ ಕಾಣುವುದಿಲ್ಲ. ಆದರೆ ಕೈ ಹಗುರಾದಾಗಲೆಲ್ಲ ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ: ಮೇಜಿನ ಮೇಲಿರುವವರನ್ನು ಕಾಯುತ್ತಿದ್ದೀಯೋ, ನಿನ್ನನ್ನೋ? ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದೂ ಬೇರೆಯವರ ನಷ್ಟದಲ್ಲಿ.

ವರ್ಷದ ನಂತರ ಗಂಡ-ಹೆಂಡತಿ ತಪಾಸಣೆಗೆ ಬಂದರು. ಇಸಿಜಿ ಸರಿಯಾಗಿತ್ತು. ಹೊಸದಾಗಿ ಸೇರಿದ ನರ್ಸ್ ಫಾರ್ಮ್ ತುಂಬುತ್ತಿದ್ದಳು.

“ಮಕ್ಕಳೆಷ್ಟ್ರಿ?”

“ಒಬ್ಬಾಕಿ ಮಗಳು,” ಎಂದಳು ರಜಿಯಾ.

“ಎಷ್ಟು ವರ್ಷ?”

ಖಾಸಿಂ ಕಿಟಕಿಯ ಕಡೆ ತಿರುಗಿದ. ರಜಿಯಾ ನನ್ನನ್ನು ನೋಡಿದಳು. ನಾನು ನರ್ಸ್ ಕೈಯಿಂದ ಫಾರ್ಮ್ ತೆಗೆದುಕೊಂಡು, ಉಳಿದದ್ದನ್ನು ನಾನೇ ತುಂಬುತ್ತೇನೆ ಎಂದೆ. ಮಕ್ಕಳೆಷ್ಟು ಎಂಬ ಸಾಲಿನಲ್ಲಿ ‘ಒಂದು’ ಎಂದಷ್ಟೇ ಬರೆದೆ.