ಟ್ಯಾಂಕಿಗೆ ಮುಳ್ಳು ಕೂರಿಸುವ ಮುಳ್ಳಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶೆಡ್ಡಿನ ನೆಲದ ಮೇಲೆ ಪುಟ್ಟ ಗಾಡಿಯೊಂದರ ಪೆಟ್ರೋಲ್ ಟ್ಯಾಂಕು ಬಿಚ್ಚಿಟ್ಟಿದೆ. ಅದನ್ನು ಮೂರು ಸಲ ತೊಳೆದು, ಕಂಠಮಟ್ಟ ನೀರು ತುಂಬಿ, ಆಮೇಲಷ್ಟೇ ಮುಳ್ಳಕ್ಕ ಕೈಡ್ರಿಲ್ ಹಿಡಿಯುತ್ತಾರೆ. ಒಳಗೆ ಆವಿ ಉಳಿದಿದ್ದರೆ ಒಂದು ಕಿಡಿ ಸಾಕು, ಕಥೆ ಮುಗಿಯಿತು. ಪಕ್ಕದ ಸ್ಟೂಲಿನ ಮೇಲೆ ಗಾಡಿಯ ಯಜಮಾನರು ಮುಖ ಗಂಟಿಕ್ಕಿಕೊಂಡು ಕೂತಿದ್ದಾರೆ. ಅವರು ಮುಳ್ಳಕ್ಕನ ಅಪ್ಪ.

ಹಳೆಯ ಮೂರು ಚಕ್ರದ ಗಾಡಿಗಳಲ್ಲಿ ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳೇ ಇರುವುದಿಲ್ಲ. ಹೊರಗಿನಿಂದ ತಂದು ಅದನ್ನು ಕೂರಿಸುವುದೇ ಇವರ ಕಸುಬು. ಟ್ಯಾಂಕಿನೊಳಗೊಂದು ತೇಲುವ ಉಂಡೆ, ಅದಕ್ಕೊಂದು ತಂತಿಯ ತೋಳು, ಅಲ್ಲಿಂದ ಡ್ರೈವರನ ಮುಂದಿರುವ ಗೇಜಿಗೆ ವೈರು. ಹೇಳಲು ಇಷ್ಟೇ, ಮಾಡಲು ಮೂರು ಗಂಟೆ. ದಿನಕ್ಕೆರಡು ಗಾಡಿಯಂತೆ ಇಪ್ಪತ್ತೊಂದು ವರ್ಷವಾಯಿತು. ಮೊದಲ ಗಾಡಿಗೆ ಒಂದು ಕಂಪನಿಯ ಉಂಡೆ, ಇನ್ನೊಂದರ ಗೇಜು ಜೋಡಿಸಿದ್ದರಂತೆ. ಟ್ಯಾಂಕು ತುಂಬಿಸಿದರೆ ಮುಳ್ಳು ಹೋಗಿ ಖಾಲಿಯ ಮೇಲೆ ಕೂತಿತು! ಆಟೋ ಸ್ಟ್ಯಾಂಡಿನವರು ಬಿದ್ದು ಬಿದ್ದು ನಕ್ಕು ಇಟ್ಟ ಹೆಸರೇ ಮುಳ್ಳಕ್ಕ.

ಗೇಜಿನ ಮೇಲೆ ಅಚ್ಚಾದ ಗೆರೆಗಳನ್ನು ಇವರು ನಂಬುವುದಿಲ್ಲ. ಒಂದೊಂದೇ ಲೀಟರ್ ಸುರಿದು, ಮುಳ್ಳು ನಿಂತಲ್ಲೆಲ್ಲ ಉಗುರುಬಣ್ಣದ ಚುಕ್ಕೆ ಇಡುತ್ತಾರೆ. ಮುಳ್ಳು ಖಾಲಿ ಎಂದಾಗಲೂ ತಳದಲ್ಲಿ ಒಂಚೂರು ಉಳಿಯುವಂತೆ ತೋಳು ಬಗ್ಗಿಸಿರುತ್ತಾರೆ. ಎಷ್ಟು ಉಳಿಯುತ್ತೆ ಎಂದು ಕೇಳಿದೆ.

“ಹೇಳಿದ್ರೆ ಅದನ್ನೂ ನಂಬ್ಕೊಂಡು ಓಡಿಸ್ತಾರೆ ಸಾರ್. ದಾರೀಲಿ ನಿಂತ್ರೆ ಬೈಸ್ಕೊಳ್ಳೋಳು ನಾನು.”

ಕೊನೆಗೂ ನನ್ನೆದುರು ಬಾಯಿ ಬಿಡಲಿಲ್ಲ, ಗಟ್ಟಿಗಿತ್ತಿ.

ಇಷ್ಟು ಗಾಡಿಗಳಿಗೆ ಮುಳ್ಳು ಕೂರಿಸಿದ ಮಗಳಿಗೆ ಅಪ್ಪ ಮಾತ್ರ ಜಗ್ಗಿರಲಿಲ್ಲ. ಗಾಡಿಯನ್ನು ಅಲ್ಲಾಡಿಸಿ, ಒಳಗಿನ ಕುಲುಕು ಕೇಳಿಯೇ ಇಷ್ಟು ಲೀಟರ್ ಎನ್ನುತ್ತಿದ್ದವರು ಅವರು. ಮುಳ್ಳು ನೋಡಿ ಓಡಿಸುವವನೂ ಒಬ್ಬ ಡ್ರೈವರಾ ಎಂದು ಸ್ಟ್ಯಾಂಡಿನಲ್ಲಿ ಹಂಗಿಸುತ್ತಿದ್ದರು. ಈಗ ಎಪ್ಪತ್ತು ದಾಟಿದೆ, ಕಿವಿ ಮಂದವಾಗಿದೆ. ಡಯಾಲಿಸಿಸ್‌ಗೆಂದು ವಾರಕ್ಕೆ ಮೂರು ದಿನ ಅಪ್ಪನ ಗಾಡಿಯಲ್ಲೇ ಹೋಗುವ ಟೀಚರಮ್ಮ, ಪೆಟ್ರೋಲ್ ಮುಗಿದು ಎರಡು ಸಲ ಸೇತುವೆ ಮೇಲೆ ಕಾದು ಕೂತರು. ಇನ್ನೊಂದು ಸಲ ಹೀಗಾದರೆ ಬೇರೆ ಗಾಡಿ ನೋಡುತ್ತೇವೆ ಎಂದಿದ್ದಾರೆ ಅವರ ಮನೆಯವರು. ಅದಕ್ಕೇ ಅಪ್ಪ ಯಾರೂ ಇಲ್ಲದ ಹೊತ್ತು ನೋಡಿ ಬಂದಿದ್ದಾರೆ. ಕಿವಿಯ ಮಾತನ್ನು ಅಪ್ಪ ಆಡಿಲ್ಲ, ಮಗಳು ಎತ್ತಿಲ್ಲ.

ಕೊನೆಯ ಚುಕ್ಕೆ ಇಡುವಷ್ಟರಲ್ಲಿ ಸ್ಟ್ಯಾಂಡಿನ ಡ್ರೈವರೊಬ್ಬ ಬಾಗಿಲಲ್ಲಿ ಹಾಜರು. ದೊಡ್ಡಪ್ಪ ಇಲ್ಲೇನು ಮಾಡ್ತಿದ್ದೀರಿ ಎಂದು ಗಟ್ಟಿಯಾಗಿ ಕೇಳುತ್ತಾನೆ. ಹಾರ್ನ್ ಕೆಟ್ಟಿದೆ ಎಂದುಬಿಡುತ್ತಾರೆ ಮುಳ್ಳಕ್ಕ, ಥಟ್ಟನೆ. ಅಪ್ಪ ಎದ್ದು ನಿಲ್ಲುತ್ತಾರೆ.

“ಹಾರ್ನ್ ಚೆನ್ನಾಗೇ ಇದೆ ಕಣಯ್ಯ. ಕೆಟ್ಟಿರೋದು ನನ್ನ ಕಿವಿ. ಅದಕ್ಕೇ ಮಗಳ ಕೈಲಿ ಮುಳ್ಳು ಹಾಕಿಸ್ಕೊಂಡೆ. ನೀನೂ ಹಾಕಿಸ್ಕೊ.”

ಅಪ್ಪನ ಗಾಡಿ ಟೀಚರಮ್ಮನ ಮನೆ ಕಡೆ ಹೊರಡುತ್ತದೆ. ಮುಳ್ಳಕ್ಕ ಕೈ ಒರೆಸಿಕೊಂಡು, ಬಂದವನ ಗಾಡಿಯ ಟ್ಯಾಂಕು ಬಿಚ್ಚಲು ಕೂರುತ್ತಾರೆ. ನನ್ನ ಕಡೆ ತಿರುಗದೆಯೇ ಹೇಳುತ್ತಾರೆ:

“ಇಪ್ಪತ್ತೊಂದು ವರ್ಷದಲ್ಲಿ ನಮ್ಮಪ್ಪ ಹಿಡ್ಕೊಟ್ಟ ಮೊದಲನೇ ಗಿರಾಕಿ ಸಾರ್ ಇವನು.”