ಗಾಂಜಾ ಬಿಡಿಸಿದ ಅತ್ತೆ

ನಮ್ಮತ್ತೆಯ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಗೊಂಬೆಯ ಅಂಟಿಗೆ ಹುಣಸೆ ಬೀಜ ಅರೆಯುವಾಗ ಎಂದೋ ಕಲ್ಲಿಗೆ ಸಿಕ್ಕು ಹೋದದ್ದು ಮತ್ತೆ ಬೆಳೆಯಲೇ ಇಲ್ಲ. ಆ ಬೋಳು ಬೆರಳನ್ನು ಗೊಂಬೆಯ ಕೆನ್ನೆಯ ಮೇಲೆ ಆಡಿಸಿದಳೆಂದರೆ ಸಾಸಿವೆಯಷ್ಟು ಉಬ್ಬಿದ್ದರೂ ಹಿಡಿಯುತ್ತಿದ್ದಳು. ‘ಇಲ್ಲಿ ಇನ್ನೊಂದೀಟು ಉಜ್ಜಬೇಕಾಗಿತ್ತು ನೋಡ್ರಿ, ಅಳ್ಯಾರ’ ಎಂದು ಬಾಗಿಲ ಮರೆಯಿಂದಲೇ ಹೇಳುತ್ತಿದ್ದಳು. ತಲೆ ತುಂಬ ಸೆರಗು, ಮಾತಿಗೊಂದು ‘ರಿ’, ಮರ್ಯಾದೆಗೇನೂ ಕಡಿಮೆಯಿಲ್ಲ. ಆದರೆ ಅಷ್ಟು ಮರ್ಯಾದೆ ಕೊಡುತ್ತಲೇ ಮನುಷ್ಯನ ಜೀವ ಹಿಂಡುವ ವಿದ್ಯೆ ಅವಳಿಗೆ ಗೊತ್ತಿತ್ತು. ಎದುರಿಗೆ ನಾನೂ ‘ನೀವು’ ಅನ್ನುತ್ತಿದ್ದೆ. ಮನಸ್ಸಿನೊಳಗೆ ಯಾವಾಗಲೂ ಏಕವಚನ. ಇಲ್ಲೂ ಹಾಗೇ ಇರಲಿ.

ಕಿನ್ನಾಳದಲ್ಲಿ ಕಟ್ಟಿಗೆ ಗೊಂಬೆ ಮಾಡುವ ಮನೆ ಅವರದು. ಮಾವ ತೀರಿಹೋಗಿದ್ದ, ಗಂಡುಮಕ್ಕಳಿಲ್ಲ. ಗೊಂಬೆಗೆ ಕಣ್ಣು ಬರೆಯುವ ಕೈಯೊಂದು ಬೇಕೆಂದು ನನ್ನನ್ನು ಮನೆ ಅಳಿಯನಾಗಿ ತಂದುಕೊಂಡರು. ನಮ್ಮ ಕಡೆ ಹೆಂಗಸರು ಬೀಜ ಅರೆಯಬಹುದು, ಕಟ್ಟಿಗೆ ಹೊಟ್ಟು ಕಲಸಬಹುದು, ಸೀರೆಯ ಬಣ್ಣವನ್ನೂ ತುಂಬಬಹುದು. ಕಣ್ಣು ಮಾತ್ರ ಗಂಡಸೇ ಬರೆಯಬೇಕು, ಅದೂ ಸ್ನಾನ ಮಾಡಿ, ಎಲ್ಲ ಕೆಲಸ ಮುಗಿದ ಮೇಲೆ. ಕಣ್ಣಿಲ್ಲದ ಗೌರಿ ಗೊಂಬೆ ಬರೀ ಕಟ್ಟಿಗೆ, ಅದಕ್ಕೆ ಯಾರೂ ಆರತಿ ಎತ್ತುವುದಿಲ್ಲ. ಹೀಗಾಗಿ ಆ ಮನೆಯ ಒಲೆ ನನ್ನ ಎರಡು ಬೆರಳ ಮೇಲೆ ಉರಿಯುತ್ತಿತ್ತು.

ಆ ಬೆರಳುಗಳನ್ನು ನಾನು ಚಿಲುಮಿಗೆ ಒಪ್ಪಿಸಿಬಿಟ್ಟೆ. ನಿಜಾಮರ ಕಾಲ, ದೊಡ್ಡ ಯುದ್ಧ ನಡೆದಿದ್ದ ದಿನಗಳು. ಗಾಂಜಾ ಅಂದರೆ ಕದ್ದು ಮುಚ್ಚಿ ತರುವ ಮಾಲೇನಲ್ಲ. ಕೊಪ್ಪಳದ ಗುತ್ತಿಗೆ ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತಿತ್ತು. ಸಂಜೆ ಊರ ಹೊರಗಿನ ಗುಡಿಯಲ್ಲಿ ಭಜನೆ, ಭಜನೆ ಮುಗಿದರೆ ಹಿಂದಿನ ಕಟ್ಟೆಯ ಮೇಲೆ ಚಿಲುಮಿ. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಾ, ಆಮೇಲೆ ಮುಂಜಾನೆ ಮುಖ ತೊಳೆಯುವ ಮುಂಚೆಯೇ. ಮನೆಯಲ್ಲಿ ಏನು ತಿಳಿದರು ಅಂತೀರಿ? ನನಗೆ ದೈವಭಕ್ತಿ ಹುಟ್ಟಿದೆ ಅಂತ! ಕಣ್ಣು ಕೆಂಪಗಾದದ್ದಕ್ಕೆ ‘ಧೂಪದ ಹೊಗಿ’ ಎಂದೆ, ಹೆಂಡತಿ ನಂಬಿದಳು. ಎರಡು ರೊಟ್ಟಿಯವನು ಐದು ರೊಟ್ಟಿ ಉಂಡು ಮೇಲೆ ಬೆಲ್ಲ ಕೇಳಿದರೆ, ‘ಈಗ ನೋಡ, ಉಣ್ಣೂದು ಮೈಗೆ ಹತ್ತತೈತಿ’ ಎಂದು ಹಿಗ್ಗಿ ಬೆಲ್ಲದ ಡಬ್ಬಿಯನ್ನೇ ಮುಂದಿಟ್ಟಳು. ಪಾಪ, ಅವಳಿಗೇನು ಗೊತ್ತು.

ಅತ್ತೆ ಹಿಗ್ಗಲಿಲ್ಲ. ಒಂದು ಮುಂಜಾನೆ ನಾನು ಬರೆದ ನಾಲ್ಕು ಗೌರಿಯರನ್ನು ಪಡಸಾಲೆಯಲ್ಲಿ ಸಾಲಾಗಿ ಕೂರಿಸಿದಳು.

‘ಅಳ್ಯಾರ, ಒಂದೀಟು ಇಲ್ಲಿ ಬರ್ರಿ. ಈಕಿ ನನ್ನ ನೋಡಾಕತ್ಯಾಳ. ಈಕೀನೂ ನೋಡಾಕತ್ಯಾಳ. ಮೂರನೇದಾಕಿ ಬಾಗಲಾ ನೋಡತಾಳ. ಈ ಕಡೀಗಿನಾಕಿ ಎತ್ತಾಗ ನೋಡಾಕತ್ಯಾಳ, ನೀವ ಹೇಳ್ರಿ.’

‘ನಿದ್ದಿ ಕಡಿಮಿ ಆಗಿತ್ತರಿ.’

‘ನಿದ್ದಿ ಅಲ್ಲರಿ ಇದು. ಸೇದಾಕ ಹತ್ತಿ ಎಷ್ಟು ದಿನಾ ಆತು?’

ಹಾರಾಡಿದೆ. ಕೂಗಾಡಿದೆ. ಆ ಗೌರಿಯ ಮೇಲೆಯೇ ಕೈಯಿಟ್ಟು ಆಣೆ ಮಾಡಿದೆ. ಅವಳು ಮುಗಿಯುವ ತನಕ ಕೇಳಿ, ‘ಆಣಿ ಬ್ಯಾಡ್ರಿ, ದೇವರಿಗೆ ಬ್ಯಾರೆ ಕೆಲಸ ಅದಾವ’ ಎಂದು ಒಳಗೆ ಹೋದಳು.

ಅಂದಿನಿಂದ ಶುರುವಾಯಿತು ನೋಡಿ ನನ್ನ ಶನಿಕಾಟ. ಕಟ್ಟಿಗೆ ರಾಶಿಯಲ್ಲಿ ಬಚ್ಚಿಟ್ಟಿದ್ದ ಚಿಲುಮಿಯನ್ನು ಹುಡುಕಿ ತೆಗೆದಳು. ಒಡೆದು ಹಾಕಿದ್ದರೆ ಒಂದು ಜಗಳದಲ್ಲಿ ಮುಗಿಯುತ್ತಿತ್ತು. ಇಲ್ಲ, ಪಡಸಾಲೆಯ ಗೂಡಿನಲ್ಲಿ ದೀಪದ ಪಕ್ಕ ಇಟ್ಟಳು! ‘ಒಡದ್ರ ನಾಳೆ ಇನ್ನೊಂದು ತರತೀರಿ. ಇರಲಿ ಬಿಡ್ರಿ, ಬಂದವರು ನೋಡಲಿ.’ ಭಜನೆಗೆ ಹೋದರೆ ಗುಡಿಯ ಮೂಲೆಯಲ್ಲಿ ಬಂದು ಕೂತಳು. ಚೆಂಬು ಹಿಡಿದು ಬಯಲಿಗೆ ಹೋದರೂ ಬಿಡಲಿಲ್ಲ. ದೂರದ ಬದುವಿನ ಮೇಲೆ ಬೆನ್ನು ತಿರುಗಿಸಿ ನಿಂತು ‘ಅಳ್ಯಾರ, ಆತೇನರಿ?’ ಎಂದು ಕೂಗುವಳು. ಊರೆಲ್ಲ ನಕ್ಕಿತು. ಮೂರು ಸಲ ಬಿಟ್ಟೆ ಎಂದೆ, ಮೂರು ಸಲವೂ ಹೋಗಿ ಸೇದಿದೆ.

ದೀಪಾವಳಿ ಮುಗಿದ ಮರುದಿನ ಚಕ್ಕಡಿ ಹೂಡಿಸಿ ಕೊಪ್ಪಳದ ಹಕೀಮ ಸಾಹೇಬರ ಹತ್ತಿರ ಕರೆದೊಯ್ದಳು. ಒಂದು ಗುಳಿಗೆ ಕೊಟ್ಟಾರು, ನುಂಗಿದರೆ ಮುಗಿಯಿತು ಎಂದು ನನ್ನ ಲೆಕ್ಕ. ಅವರು ನಾಡಿ ಹಿಡಿದು, ಕಣ್ಣು ನೋಡಿ, ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದರು.

‘ಇದಕ್ಕ ದವಾ ಇಲ್ಲಮ್ಮಾ. ಬಿಟ್ಟ ಮ್ಯಾಲ ಹದಿನೈದಿಪ್ಪತ್ತು ದಿನಾ ನಿದ್ದಿ ಬರಂಗಿಲ್ಲ, ಅನ್ನ ಸೇರಂಗಿಲ್ಲ, ಕಂಡಕಂಡವರ ಮ್ಯಾಲ ಹರಿಹಾಯತಾರ. ಅಂಜಬ್ಯಾಡ್ರಿ, ಅದರಿಂದ ಯಾರೂ ಸಾಯಂಗಿಲ್ಲ. ಹಾಲು ಕೊಡ್ರಿ, ಕೆಲಸ ಕೊಡ್ರಿ, ಆ ಸೇದೋ ಮಂದಿ ಸೋಬತಿ ಬಿಡಿಸ್ರಿ.’

ಗೌರಿ ಗೊಂಬೆ ಒಯ್ಯಲು ಜನ ಬರುವ ಗೌರಿ ಹುಣ್ಣಿಮೆಗೆ ಹತ್ತಿರಹತ್ತಿರ ಹದಿನೈದು ದಿನವಿತ್ತು. ಆ ಹದಿನೈದು ದಿನ ವೈರಿಗೂ ಬೇಡ. ಬೆವರು, ಎಚ್ಚರ, ಎಚ್ಚರದಲ್ಲೇ ಕೆಟ್ಟ ಕನಸು, ಬಾಯಿಗಿಟ್ಟದ್ದೆಲ್ಲ ಮಣ್ಣು. ಊಟದ ಗಂಗಾಳ ಎತ್ತಿ ಒಗೆದೆ. ಅತ್ತೆಗೆ ಬಾಯಿಗೆ ಬಂದಂತೆ ಬೈದೆ. ಅವಳು ಹಾಲಿನ ಬಟ್ಟಲು ಹಿಡಿದುಕೊಂಡೇ ನಿಂತಿದ್ದಳು. ‘ಬೈರಿ, ಬೈರಿ. ಬೈಯಾಕೂ ಕಸುವು ಬೇಕಲ್ರಿ, ಹಾಲು ಕುಡದು ಬೈರಿ.’ ಇಂಥವಳ ಜೊತೆ ಏನು ಜಗಳ ಆಡುತ್ತೀರಿ?

ಹುಣ್ಣಿಮೆಗೆ ನಾಲ್ಕು ದಿನ ಉಳಿದಾಗ ನಲವತ್ತು ಗೌರಿಯರು ಸೀರೆ ಕುಪ್ಪಸ ತೊಟ್ಟು, ಕಣ್ಣಿಲ್ಲದೆ ನಿಂತಿದ್ದರು. ಕುಂಚ ಹಿಡಿದರೆ ನನ್ನ ಕೈ ಗಡಗಡ. ‘ಒಂದೇ ಒಂದು ದಮ್ಮು ಎಳೀತೀನಿ, ಕೈ ನಿಲ್ಲತೈತಿ. ನಲವತ್ತೂ ಮುಗಿಸಿಕೊಡತೀನಿ’ ಎಂದು ಕಾಲಿಗೆ ಬಿದ್ದು ಕೇಳಿದೆ. ಊಹೂಂ. ‘ಹಂಗಾದ್ರ ಮನಿ ಮುಳುಗಲಿ’ ಎಂದು ಕುಂಚ ಬಿಸಾಡಿದೆ. ಆಗ ನನ್ನ ಹೆಂಡತಿ ಅಳುತ್ತ ಅಂದಳು: ‘ಯವ್ವಾ, ನೀನ ಬರದುಬಿಡ. ಅಪ್ಪಗ ಬರದುಕೊಡತಿದ್ದಿಲ್ಲೇನು?’

ಊರಿಗೆ ಊರೇ ಹೊಗಳುತ್ತಿದ್ದ ನಮ್ಮ ಮಾವನ ಕೈಯ ಕಣ್ಣು ಈ ಮುದುಕಿ ಬರೆದದ್ದೇ?

ಅತ್ತೆ ಅಂದು ಬಾಗಿಲ ಮರೆಗೆ ಸರಿಯಲಿಲ್ಲ. ನನ್ನೆದುರೇ ಕೂತಳು.

‘ಹನ್ನೊಂದು ವರ್ಷ ಬರದೀನ್ರಿ. ಆತ ಹಿತ್ತಲದಾಗ ಕುಂತು ಸೇದಿದ, ನಾ ಒಳಗ ಕದಾ ಹಾಕ್ಕೊಂಡು ಬರದೆ. ಗಂಡನ ಮಾನಾ ಉಳಿಸಾಕತ್ತೀನಿ ಅಂತ ತಿಳಕೊಂಡಿದ್ದೆ. ಮಾನಾ ಉಳೀತು, ಗಂಡ ಉಳೀಲಿಲ್ಲ. ಒಂದು ಹಬ್ಬ ಸುಮ್ಮನ ಕುಂತಿದ್ರ ಆತ ಎಚ್ಚರ ಆಗತಿದ್ದನೋ ಏನೋ. ಈ ಸಲ ನಾ ಕುಂಚ ಮುಟ್ಟಂಗಿಲ್ಲ. ನಲವತ್ತೂ ಕುರುಡಿ ಆಗಿ ಕುಂದರಲಿ.’

ಕುಂತವು. ಕುಷ್ಟಗಿಯಿಂದ, ಯಲಬುರ್ಗಿಯಿಂದ ವರ್ಷವೂ ಬರುವ ಜನ ಬಂದರು. ಏನಾದರೊಂದು ಸುಳ್ಳು ಹೇಳಬಹುದಿತ್ತಲ್ಲ, ಜ್ವರ ಬಂದಿತ್ತು ಅನ್ನಬಹುದಿತ್ತಲ್ಲ! ಹೊಸ್ತಿಲಲ್ಲಿ ನಿಂತು ಒಬ್ಬೊಬ್ಬರಿಗೂ ಹೇಳಿದಳು: ‘ಕಣ್ಣು ಬರಿಯೂದು ಆಗಿಲ್ರಿ. ನಮ್ಮ ಅಳ್ಯಾರಿಗೆ ಗಾಂಜಾ ಚಟಾ ಐತಿ, ಬಿಡಾಕ ಹತ್ಯಾರ. ಮುಂದಿನ ವರ್ಷ ಬರ್ರಿ.’ ಒಳಗೆ ಕೂತು ಹಲ್ಲು ಕಡಿದೆ. ಇವಳ ಬಾಯಿ ಬಿದ್ದುಹೋಗಬಾರದೇ ಎಂದು ಶಪಿಸಿದೆ. ಆದರೆ ‘ಬಿಡಾಕ ಹತ್ಯಾರ’ ಎಂದು ಅವಳು ಅಷ್ಟು ಜನರಿಗೆ ಹೇಳಿದ ಮೇಲೆ ನಾನು ಎಲ್ಲಿಗೆ ಹೋಗಲಿ? ಗುಡಿಯ ಕಟ್ಟೆಯವರೂ ಚಿಲುಮಿ ಚಾಚಲಿಲ್ಲ. ಹಿಂದೆಯೇ ಅವಳು ಬಂದಾಳು ಎಂಬ ಭಯ.

ಆ ವರ್ಷವೆಲ್ಲ ಗಡಿಗೆ ಚೂರುಗಳ ಮೇಲೆ ಹುಬ್ಬು ಬರೆಸಿದಳು, ಕಣ್ಣು ಬರೆಸಿದಳು, ತೊಳೆದು ಮತ್ತೆ ಬರೆಸಿದಳು. ಅದು ಸಾಲದೆಂದು ಮುಂದೊಂದು ಚಾಪೆ ಹಾಕಿಕೊಂಡು ಕಾವಲು ಕೂತಳು. ಮರುವರ್ಷ ನಲವತ್ತು ಗೌರಿಯರೂ ನೆಟ್ಟಗೆ ನೋಡಿದರು. ಛಲೋ ಆತು ಎಂದು ಒಂದು ಮಾತು ಅಂದಳೇ? ಒಂದು ಗೊಂಬೆ ಎತ್ತಿಕೊಂಡು, ಮೂಗಿನ ಬಣ್ಣ ದಪ್ಪ ಆಗೇತಿ ಎಂದಳು.

ನಿಜಾಮರ ಆಳ್ವಿಕೆ ಮುಗಿದ ವರ್ಷ ಅವಳು ಹಾಸಿಗೆ ಹಿಡಿದಳು. ಕೊನೆಯ ದಿನ ಮಗಳನ್ನು ಹತ್ತಿರ ಕರೆದು, ನನಗೆ ಕೇಳುವ ಹಾಗೆಯೇ ಹೇಳಿದಳು: ‘ಇವರನ್ನ ಒಬ್ಬರನ್ನೇ ಬಿಡಬ್ಯಾಡ.’

ಮೈಯೆಲ್ಲ ಉರಿಯಿತು. ಸಾಯುವಾಗಲಾದರೂ ನಂಬಬಾರದೇ? ‘ಏಳು ವರ್ಷ ಆತಲ್ರಿ!’ ಎಂದೆ.

‘ಇನ್ನೂ ಎಣಸಾಕ ಹತ್ತೀರಲ್ಲ, ಅದಕ್ಕ ಹೇಳಿದೆ’ ಎಂದಳು.

ಮರುದಿನ ಮುಂಜಾನೆ ಹೋಗಿಬಿಟ್ಟಳು. ಮಣ್ಣು ಮಾಡಿ ಬರುವಾಗ ಗುಡಿಯ ಕಟ್ಟೆಯಿಂದ ಆ ಹೊಗೆಯ ವಾಸನೆ ಬಂತು. ಏಳು ವರ್ಷದ ಮೇಲೆ, ಕಣ್ಣಲ್ಲಿ ನೀರು ಹರಿಯುತ್ತಿದ್ದಾಗಲೇ, ಬಾಯಲ್ಲೂ ನೀರೂರಿತು. ಬದುವಿನ ಮೇಲೆ ನಿಂತು ಕೂಗುವವರು ಯಾರೂ ಇರಲಿಲ್ಲ. ಕಾಲು ಹೇಗೆ ಎತ್ತಿಟ್ಟೆನೋ, ಮನೆ ಮುಟ್ಟಿದೆ. ಹೆಂಗಸರ ನಡುವೆ ಕೂತು ಅಳುತ್ತಿದ್ದ ಹೆಂಡತಿಯನ್ನು ಎಲ್ಲರೆದುರೇ ಕರೆದೆ.

‘ಇವತ್ತು ನನ್ನ ಒಬ್ಬನ್ನೇ ಬಿಡಬ್ಯಾಡ’ ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಬಂದು ನನ್ನ ಪಕ್ಕ ಕೂತಳು.